ದುಃಖ ಇಳಿಸುವ ಪಟ್ಟಿ

ಹಣೆಗೆ ಕಟ್ಟಿದರೆ ದುಃಖ ಇಳಿಸುವ ಪಟ್ಟಿಗಳನ್ನು ಕಾರ್ಖಾನೆಗಳಿಗೆ ಮಾರುವ ಹೊಸ ಕಂಪನಿಯಲ್ಲಿ ಶರ್ಮಿಳಾ ಮಠಪತಿ ಉತ್ತರ ವಲಯದ ಮುಖ್ಯಸ್ಥೆ. ಅಂದು ಕೊಪ್ಪಳದ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಡೆಮೊ ಇತ್ತು. ಹತ್ತು ನಿಮಿಷದ ಕೆಲಸವೆಂದು ಮ್ಯಾನೇಜರು ಕ್ರೇನ್ ಆಪರೇಟರ್ ಯಂಕೋಬನನ್ನು ಮನೆಯಿಂದ ಕರೆಸಿದ್ದರು. ಬೆಳಿಗ್ಗೆಯಷ್ಟೇ ಅವನ ಆರು ವರ್ಷದ ಮಗಳು ಜ್ವರದಿಂದ ತೀರಿಕೊಂಡಿದ್ದಳು.

ಶರ್ಮಿಳಾ ಪಟ್ಟಿ ಕಟ್ಟಿದಳು. ನೋಡನೋಡುತ್ತ ಅವನ ಅಳು ನಿಂತಿತು. ಮುಖ ಒರೆಸಿಕೊಂಡು, "ಎರಡನೇ ಪಾಳಿಗೆ ನಾನ ಹೋಗ್ಲೇನ್ರಿ ಸಾಹೇಬ್ರ?" ಎಂದ. ಮ್ಯಾನೇಜರು ಮೂರು ಸಾವಿರ ಪಟ್ಟಿಗಳ ಆರ್ಡರಿಗೆ ಸಹಿ ಹಾಕಿದರು.

ಗೇಟಿನ ಹೊರಗೆ ಯಂಕೋಬನ ಹೆಂಡತಿ ಹುಲಿಗೆಮ್ಮ ನಿಂತಿದ್ದಳು.

"ಅಕ್ಕಾರ, ಮಣ್ಣು ಮಾಡಾಕ ಎಲ್ಲಾರೂ ಕಾಯಾಕತ್ತಾರ. ನಮ್ಮ ಮನಿಯವ್ರು ಯಾವಾಗ ಬರ್ತಾರ?"

"ಹಣೆಗೆ ನಮ್ಮ ಪಟ್ಟಿ ಕಟ್ಟಿದ ಮ್ಯಾಲ ದುಃಖ ಇಳೀತು. ಅವರು ಡ್ಯೂಟಿಗೆ ಹೋದ್ರವ್ವ."

ಹುಲಿಗೆಮ್ಮ ಹತ್ತಿರ ಬಂದಳು. "ಹಂಗಾರ ನನಗೂ ಅದನ್ನ ಕಟ್ರಿ. ತಡಕೊಳ್ಳಾಕ ಆಗವಲ್ದು."

ಪಟ್ಟಿ ಬ್ಯಾಗಿನಲ್ಲೇ ಇತ್ತು. ಇವಳಿಗೂ ಕಟ್ಟಿದರೆ ಆ ಮಗುವಿಗಾಗಿ ಅಳುವವರು ಯಾರೂ ಉಳಿಯುವುದಿಲ್ಲ ಎಂದು ಶರ್ಮಿಳಾಗೆ ಅನಿಸಿತು.

"ನಾವು ಕಂಪನಿಗಳಿಗಷ್ಟ ಮಾರ್ತೀವವ್ವ," ಎಂದು ಕಾರು ಹತ್ತಿದಳು.