ನೀರಿಲ್ಲದ ಗುರುವಾರ

"ಮೇಡಂ, ಏಳನೇ ವಾರ್ಡಿಗೆ ಈಗ ಒಂದು ಗಂಟೆ ನೀರು ಬಿಡ್ಬೇಕು," ಎಂದು ಸಿದ್ದ ಪುರಸಭೆ ಕಚೇರಿಯ ಬಾಗಿಲಲ್ಲೇ ನಿಂತು ಹೇಳಿದಾಗ ಎಂಜಿನಿಯರ್ ದಿವ್ಯಶ್ರೀ ಓದುತ್ತಿದ್ದ ಕಾಗದದಿಂದ ತಲೆ ಎತ್ತಿದಳು. ಪಟ್ಟಣದ ಅಷ್ಟೂ ಮನೆಗಳಿಗೆ ಸ್ಮಾರ್ಟ್ ಮೀಟರ್ ಹಾಕುವ ಯೋಜನೆ ಅವಳದು. ಮೊದಲ ಪರೀಕ್ಷೆ ನಡೆಯುತ್ತಿದ್ದದ್ದು ಏಳನೇ ವಾರ್ಡಿನಲ್ಲಿ. ನಾಳೆ ಬೆಳಿಗ್ಗೆ ಮಡಿಕೇರಿಯಲ್ಲಿ ಮೇಲಧಿಕಾರಿಗಳ ಮುಂದೆ ಅದರ ವರದಿ ಒಪ್ಪಿಸಬೇಕಿತ್ತು.

"ಇವತ್ತು ಗುರುವಾರ ಸಿದ್ದಣ್ಣ. ಆ ವಾರ್ಡಿಗೆ ಗುರುವಾರ ನೀರಿಲ್ಲ."

"ಶುಂಠಿ ಮಂಡಿ ಶಾಂತಪ್ಪನವ್ರು ತೀರ್ಕೊಂಡ್ರು. ಒಂದು ಗಂಟೆಗೆ ಆಸ್ಪತ್ರೆಯಿಂದ ತರ್ತಾರೆ. ಮೈ ತೊಳ್ದು ಕೂರಿಸ್ಬೇಕು. ಬಂದ ಜನಕ್ಕೆ ಕೈಕಾಲಿಗೆ ಬೇಕು. ನಿನ್ನೆ ನೀರಿನ ದಿನವೇ ಕರೆಂಟು ಹೋಗಿ ಆ ಬೀದೀಲಿ ಯಾರ ಮನೇಲೂ ನೀರು ತುಂಬಿಲ್ಲ."

ಆಗಲೇ ಹನ್ನೊಂದೂವರೆ. ಕಚೇರಿಯ ನೀರಿನ ಟ್ಯಾಂಕರ್ ಕೆಟ್ಟು ಗ್ಯಾರೇಜು ಸೇರಿ ವಾರವಾಗಿತ್ತು. ಸಿದ್ದ ಇಪ್ಪತ್ತೆರಡು ವರ್ಷದಿಂದ ಈ ಊರಿಗೆ ನೀರು ಬಿಡುವವನು. ಮೊನ್ನೆಮೊನ್ನೆಯವರೆಗೂ ಇಂಥ ಕರೆ ಬಂದರೆ ಯಾರನ್ನೂ ಕೇಳದೆ ಹೋಗಿ ವಾಲ್ವ್ ತಿರುಗಿಸಿ ಬರುತ್ತಿದ್ದ. ಈಗ ಮೀಟರಿನ ಯೋಜನೆಯ ಜೊತೆಗೇ ವಾಲ್ವಿಗೆ ಮೋಟಾರು ಬಂದಿದೆ, ಮೋಟಾರಿನ ಜುಟ್ಟು ದಿವ್ಯಶ್ರೀಯ ಮೊಬೈಲಿನಲ್ಲಿದೆ. ಕಾರಣ ಹೇಳದೆ ಅದು ಒಂದು ಹನಿಯನ್ನೂ ಬಿಡುವುದಿಲ್ಲ.

ಅವಳು ಮೊಬೈಲ್ ತೆಗೆದು ನೋಡಿದಳು. ಮೂರೇ ಕಾರಣ: ಬೆಂಕಿ ಅನಾಹುತ, ಪೈಪ್ ದುರಸ್ತಿಯ ನಂತರದ ಪರೀಕ್ಷೆ, ಟ್ಯಾಂಕ್ ಶುಚಿ. ಆ ಪಟ್ಟಿ ಮಾಡಿದವಳು ಅವಳೇ, ಸಿದ್ದನನ್ನು ಎದುರಿಗೆ ಕೂರಿಸಿಕೊಂಡು.

"ದಿನ ತಪ್ಪಿ ಯಾವ್ಯಾವಾಗ ನೀರು ಬಿಡ್ತೀರಿ ಅಂತ ಅವತ್ತು ಎಷ್ಟು ಸಲ ಕೇಳ್ದೆ. ಇದನ್ನ ಯಾಕೆ ಹೇಳ್ಲಿಲ್ಲ?"

"ಹೊಸ ಕೆಲ್ಸ ಅಂತ ಪೂಜೆ ಮಾಡಿ ಕಾಯಿ ಒಡ್ಸಿದ್ರಿ. ಅದ್ರ ಮುಂದೆ ಕೂತು ಸಾವು ಅಂತ ಬರ್ಸಕ್ಕಾಯ್ತದಾ ಮೇಡಂ?"

ದಿವ್ಯಶ್ರೀಗೆ ಸಿಟ್ಟೂ ಬಂತು, ಭಯವೂ ಆಯಿತು. ದಿನ ತಪ್ಪಿ ನೀರು ಬಿಟ್ಟದ್ದು ಒಮ್ಮೆಯೂ ಇಲ್ಲ ಎಂದು ವರದಿಯಲ್ಲಿ ಬರೆದಾಗಿತ್ತು. ಸುಳ್ಳು ಕಾರಣ ಕೊಟ್ಟದ್ದು ಗೊತ್ತಾದರೆ ಯೋಜನೆಯೂ ಹೋಗುತ್ತದೆ, ಅವಳ ಗುತ್ತಿಗೆ ನೌಕರಿಯೂ ಹೋಗುತ್ತದೆ.

"ನಾಳೆ ಕೇಳಿದ್ರೆ ನಾನು ಏನಂತ ಹೇಳ್ಲಿ? ಆಗಲ್ಲ ಸಿದ್ದಣ್ಣ."

ಸಿದ್ದ ಹೊರಡಲು ತಿರುಗಿದವನು ಹಾಗೇ ನಿಂತ. "ನಿಮ್ಮಪ್ಪಾಜಿ ಹೋಗಿದ್ದೂ ಗುರುವಾರವೇ ಮೇಡಂ. ಅವತ್ತು ನಿಮ್ ಬೀದಿಗೂ ನೀರಿನ ದಿನ ಅಲ್ಲ."

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅಂಗಳದ ತೊಟ್ಟಿ ತುಂಬಿ ಚೆಲ್ಲುತ್ತಿತ್ತು; ನಲ್ಲಿ ನಿಲ್ಲಿಸಿ ಎಂದು ಚಿಕ್ಕಪ್ಪ ಯಾರನ್ನೋ ಗದರಿದ್ದರು. ಅಷ್ಟು ನೀರು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಇದೇ ಕಚೇರಿಗೆ ಬಂದು ಮೂರು ವರ್ಷವಾದರೂ ಅವಳೂ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಬೆಂಕಿ ಎಂದು ಒತ್ತಿದರೆ ಅಗ್ನಿಶಾಮಕದವರಿಗೂ ಸುದ್ದಿ ಹೋಗಿ, ಅವರು ಗಂಟೆ ಬಾರಿಸಿಕೊಂಡು ಸಾವಿನ ಮನೆಗೆ ಬಂದುಬಿಡುತ್ತಾರೆ. ಟ್ಯಾಂಕ್ ಶುಚಿಗೆ ಹಿಂದಿನ ದಿನವೇ ಅನುಮತಿ ಬೇಕು. ಉಳಿದದ್ದು ಪೈಪ್ ದುರಸ್ತಿ. ಅದನ್ನು ಒತ್ತಿದಳು. ಒಡೆದ ಪೈಪಿನ ಫೋಟೋ ಕಳಿಸಿ ಎಂದಿತು ಮೊಬೈಲು. ನೀರು ಬಿಡುವವರು ಸುಳ್ಳು ಹೇಳಬಾರದೆಂದು ಆ ನಿಯಮ ಸೇರಿಸಿದವಳೂ ಅವಳೇ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಯಿತು. ಮೊಬೈಲನ್ನೇ ಸಿದ್ದನ ಕಡೆ ತಿರುಗಿಸಿದಳು.

ಸಿದ್ದ ನಿಧಾನವಾಗಿ ಓದಿದ. ಗಡಿಯಾರ ನೋಡಿದ. ಆಮೇಲೆ ಮೂಲೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡ. ಇಪ್ಪತ್ತೆರಡು ವರ್ಷ ಒಡೆದ ಪೈಪುಗಳನ್ನು ಕೂಡಿಸಿದ ಕೈ ಅದು.

"ಎಲ್ಲಿ ಒಡೀಲಿ ಮೇಡಂ? ಫೋಟೋ ಆದ್ಮೇಲೆ ಅರ್ಧ ಗಂಟೇಲಿ ಕೂಡಿಸ್ತೀನಿ."

ದಿವ್ಯಶ್ರೀ ನಾಳೆಗೆಂದು ಸುತ್ತಿಟ್ಟಿದ್ದ ನಕ್ಷೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು. "ಶಾಂತಪ್ಪನವರ ಮನೆ ಮುಂದೆ ಬೇಡ, ಅವರನ್ನ ತರೋ ದಾರಿ," ಎನ್ನುತ್ತಾ ಎರಡು ಮನೆ ಆಚೆ ಬೆರಳಿಟ್ಟಳು.