ಯಾರೂ ಹಿಡಿಯಲಿಲ್ಲ

ವಂದನಾಳ ಭುಜ ಮುಟ್ಟಿ ಲುಂಬಿನಿ ತಿರುಗಿ ಓಡಿದಳು. ಎದುರು ತಂಡದ ಹುಡುಗಿಯರೆಲ್ಲ ಬದಿಗೆ ಸರಿದು ದಾರಿ ಬಿಟ್ಟರು. ಶಹಾಬಾದಿನ ಬೇಸಿಗೆ ಶಿಬಿರದ ಕಬಡ್ಡಿಯಲ್ಲಿ ಅವಳಿಗದು ಮೊದಲ ಪಾಯಿಂಟು. ನಡುಗೆರೆ ದಾಟಿದವಳೇ ಏದುಸಿರಿನಲ್ಲಿ ನಗುತ್ತ ಎರಡೂ ಕೈ ಮೇಲೆತ್ತಿದಳು.

ತರಬೇತುದಾರ ರಘುವೀರ ಸರ್ ಸಿಟ್ಟಿನಿಂದ ಸೀಟಿ ಊದಿದರು. "ಅಕಿ ಕಾಲು ಕೈಗೆ ಸಿಗ್ತಿತ್ತಲ್ಲ, ಯಾಕ ಹಿಡೀಲಿಲ್ಲ ಯಾರೂ?"

ವಂದನಾ ಕರವಸ್ತ್ರದಿಂದ ಭುಜ ಒರೆಸಿಕೊಳ್ಳುತ್ತಿದ್ದಳು. "ಅಕಿ ಕೇರಿ ಹುಡುಗಿ ಅದಾಳ್ರಿ ಸರ್. ಮುಟ್ಟಬ್ಯಾಡ ಅಂತ ನಮ್ಮವ್ವ ಹೇಳ್ಯಾಳ್ರಿ."

ಲುಂಬಿನಿಯ ಕೈಗಳು ತಾವಾಗಿ ಕೆಳಗಿಳಿದವು. ಸರ್ ಈಗ ವಂದನಾಳನ್ನು ಬೈಯುತ್ತಾರೆಂದು ಅವಳು ಕಾದಳು. ಅವರು ಲುಂಬಿನಿಯ ಹತ್ತಿರವೇ ಬಂದು ಮೆತ್ತಗೆ ಹೇಳಿದರು: "ನಾಳಿಂದ ನೀ ಓಟಕ್ಕ ಸೇರವ್ವ. ಭಾಳ ಛಲೋ ಓಡ್ತಿ. ಅಲ್ಲಿ ಯಾರೂ ಯಾರ್ನೂ ಮುಟ್ಟಂಗಿಲ್ಲ."