ಶನಿವಾರ ನಾಲ್ಕು ಗಂಟೆಗೆ

ಮೂವತ್ತೊಂದನೆಯ ಪುಸ್ತಕಕ್ಕೂ ಕೊನೆಯ ಹಾಳೆ ಇರಲಿಲ್ಲ.

ಅಧಿಕಾರಿ ಅಂಚಿನ ಮೇಲೆ ಬೆರಳಾಡಿಸಿದರು. ಹರಿದದ್ದಲ್ಲ, ಕೊಯ್ದದ್ದು. ದಾರ ಹಿಡಿದು ಗೆರೆ ಎಳೆದಷ್ಟು ನೇರ. ಅದೂ ಬರೀ ಪತ್ತೇದಾರಿ ಕಾದಂಬರಿಗಳು. ನಿಘಂಟನ್ನು ಯಾರೂ ಮುಟ್ಟಿರಲಿಲ್ಲ.

"ನಮ್ಮ ಗ್ರಂಥಾಲಯ ಇಲಾಖೆಗೆ ಯಾರೋ ದೂರಿನ ಅರ್ಜಿ ಹಾಕಿದ್ದಾರೆ," ಎಂದರು. "ಕಳ್ಳ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಪುಸ್ತಕಗಳು ದೊಡ್ಡೂರಿಗೆ, ಈ ಬಾಗಿಲಿಗೆ ಬೀಗ."

"ಬೀಗ ಹಾಕೋದು ನನಗೂ ಬರುತ್ತೆ ಸಾರ್, ದಿನಾ ಸಂಜೆ ಹಾಕ್ತೀನಿ," ಎಂದರು ಗ್ರಂಥಪಾಲಕಿ. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕನ್ನಡಕ, ಅದೇ ಊಟದ ಡಬ್ಬಿ. ಊರಿಗೆಲ್ಲ ಆಕೆ ಅಕ್ಕ. "ಬೆಳಿಗ್ಗೆ ತೆಗೆಯೋದೇ ಮುಖ್ಯ."

ವಿಚಾರಣೆ ಶುರುವಾಯಿತು. ಊರಿನಲ್ಲಿ ಹರಿತವಾದದ್ದು ಇಟ್ಟುಕೊಂಡವರು ಇಬ್ಬರು. ಇಬ್ಬರೂ ದಿನಾ ಇಲ್ಲೇ ಕೂರುವವರು.

"ನಾನು ಕೊಯ್ಯೋದಾದ್ರೆ ಮೊದಲನೇ ಹಾಳೆ ಕೊಯ್ತಿದ್ದೆ ಸಾರ್," ಎಂದ ಕ್ಷೌರಿಕ. "ಕೊಲೆಗಾರ ಯಾರು ಅಂತ ಗೊತ್ತಾಗದೆ ಹೋದ್ರೆ ನನ್ನ ಕೈ ನಡುಗುತ್ತೆ. ಕತ್ತಿ ಕೆಳಗೆ ಕೂತಿರೋನ ಗತಿ ಏನು?"

ದರ್ಜಿಗೆ ಅರವತ್ತು ದಾಟಿತ್ತು. "ನನ್ನ ಕತ್ತರಿ ಬಟ್ಟೆಗೆ ಮಾತ್ರ. ಕಾಗದಕ್ಕೆ ಹಾಕಿದ್ರೆ ಮೊಂಡಾಗುತ್ತೆ. ನಮ್ಮಮ್ಮ ಈಗಲೂ ಹೊಡೀತಾಳೆ."

"ಮತ್ತೆ ಕೊನೆಗೆ ಏನಾಯ್ತು ಅಂತ ನಿಮಗೆ ಗೊತ್ತಾಗೋದು ಹೇಗೆ?"

"ಶನಿವಾರ ನಾಲ್ಕು ಗಂಟೆಗೆ," ಎಂದರು ಇಬ್ಬರೂ ಒಟ್ಟಿಗೆ.

ಅಕ್ಕನಿಗೆ ಎಲ್ಲ ಕಾದಂಬರಿಗಳ ಕೊನೆಯೂ ಬಾಯಿಪಾಠ. ಪಾಪ, ಹಾಳೆ ಕಳೆದುಕೊಂಡವರಿಗಾಗಿ ಶನಿವಾರ ನಾಲ್ಕು ಗಂಟೆಗೆ ಎದ್ದು ನಿಂತು ಒಪ್ಪಿಸುತ್ತಿದ್ದರು. ಪದ್ಯ ಹೇಳುವವರ ಹಾಗೆ ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಅವರು ನಿಲ್ಲಿಸಿದಾಗ ಬೆಂಚುಗಳೂ ಉಸಿರು ಹಿಡಿಯುತ್ತಿದ್ದವಂತೆ. ಒಂದು ಕಾಲಕ್ಕೆ ಒಂಬತ್ತೇ ಜನ ಬರುತ್ತಿದ್ದ ಕೋಣೆಗೆ ಈಗ ಕ್ಷೌರಿಕ ತನ್ನ ಅಂಗಡಿಯ ಕುರ್ಚಿಯನ್ನೇ ಹೊತ್ತು ತರಬೇಕಿತ್ತು.

ಅಧಿಕಾರಿ ಹಾಜರಿ ಪುಸ್ತಕ ನೋಡಿದರು. ನಂಬಲಿಲ್ಲ. ಸಹಿ ಯಾರು ಬೇಕಾದರೂ ಹಾಕಬಹುದು.

ಮಧ್ಯಾಹ್ನ ಅಕ್ಕ ಊಟಕ್ಕೆ ಮನೆಗೆ ಹೋದರು. ಮೇಜಿನ ಮೇಲೆ ಡಬ್ಬಿಯ ಪಕ್ಕ ಕೈಯೂರಿ ಅಧಿಕಾರಿ ಇಲಾಖೆಯ ತಪಾಸಣೆ ಪುಸ್ತಕ ತೆರೆದರು. ಒಂದನೇ ಹಾಳೆಯಲ್ಲಿ ಕಳುವು. ಎರಡನೆಯದರಲ್ಲಿ ಕ್ಷೌರಿಕ. ಮೂರನೆಯದರಲ್ಲಿ ದರ್ಜಿ. ನಾಲ್ಕನೆಯದರಲ್ಲಿ ತೀರ್ಮಾನ.

ಅಕ್ಕ ಬಂದಾಗ ಶಾಯಿ ಆರಿತ್ತು. "ಏನು ಬರೆದ್ರಿ ಸಾರ್?"

"ಗೋಪ್ಯ."

"ಸರಿ, ಶನಿವಾರದವರೆಗೆ ನಾನೂ ಯಾರ ಹತ್ರಾನೂ ಬಾಯಿ ಬಿಡಲ್ಲ. ಅಯ್ಯೋ, ಈ ಪುಸ್ತಕದ ಮೂಲೆ ಕಿತ್ತು ಹೋಗಿದೆಯಲ್ಲ! ಕೊಡಿ ಇಲ್ಲಿ, ನೀವು ಕೈ ತೊಳ್ಕೊಂಡು ಬರೋಷ್ಟರಲ್ಲಿ ರಟ್ಟು ಹಾಕಿಡ್ತೀನಿ."

ಕೈ ತೊಳೆದು ಬಂದಾಗ ಪುಸ್ತಕ ಖಾಕಿ ಕಾಗದ ಸುತ್ತಿಸಿಕೊಂಡು, ದಾರ ಕಟ್ಟಿಸಿಕೊಂಡು, ಹೊಸ ಬಟ್ಟೆ ತೊಟ್ಟವರ ಹಾಗೆ ಕೂತಿತ್ತು. ಮೇಲೊಂದು ಕಾದಂಬರಿ. "ಬಸ್ಸಿನಲ್ಲಿ ಬೇಜಾರಾಗಬಾರದಲ್ಲ ಸಾರ್."

ಗಡಿಯಾರ ರಿಪೇರಿಯವನ ಕೊಲೆಯ ಕಥೆ. ಮೊದಲ ನಿಲ್ದಾಣದಲ್ಲಿ ಅಸಡ್ಡೆಯಿಂದ ತೆರೆದವರು ಐದನೆಯದರಲ್ಲಿ ಇಳಿಯುವುದನ್ನೇ ಮರೆತರು. ಕೊನೆಗೂ ಕೊಲೆಗಾರ ಎದ್ದು ನಿಂತ. ಮುಖಕ್ಕೆ ಸುತ್ತಿದ್ದ ಬಟ್ಟೆಗೆ ಕೈ ಹಾಕಿದ. ಅಧಿಕಾರಿ ಹಾಳೆ ತಿರುವಿದರು.

ರಟ್ಟು.

ಎರಡು ದಿನ ಅವರಿಗೆ ಊಟ ರುಚಿಸಲಿಲ್ಲ. "ಯಾಕ್ರೀ, ಗೋಡೆ ಗಡಿಯಾರಾನೇ ನೋಡ್ತಾ ಕೂತಿದ್ದೀರಿ?" ಎಂದು ಹೆಂಡತಿ ಕೇಳಿದರೆ, "ಅವನ ತಮ್ಮನ ಮೇಲೇ ನನಗೆ ಅನುಮಾನ," ಎಂದರು.

ಮೂರನೆಯ ದಿನ ಇಲಾಖೆಯ ನಿರ್ದೇಶಕರಿಂದ ಕರೆ ಬಂತು. ಅವರ ಕೈಯಲ್ಲಿ, ಅಧಿಕಾರಿ ಕಟ್ಟು ಬಿಚ್ಚದೆಯೇ ಒಪ್ಪಿಸಿದ್ದ ತಪಾಸಣೆ ಪುಸ್ತಕ. ಖಾಕಿ ಕಾಗದ ಬಿಚ್ಚಿ ಬಿದ್ದಿತ್ತು.

"ಕೂತ್ಕೊಳ್ರಿ. ಒಂದೇ ಉಸಿರಿಗೆ ಓದಿದೆ. ನನಗೂ ಆ ಕ್ಷೌರಿಕನ ಮೇಲೇ ಕಣ್ಣು. ಆದ್ರೆ ಏನ್ರೀ ಇದು? 'ಆದ್ದರಿಂದ ಈ ಗ್ರಂಥಾಲಯವನ್ನು' ಅಂತ ಮೂರನೇ ಹಾಳೆ ಮುಗಿಯುತ್ತೆ. ನಾಲ್ಕನೇದು ಎಲ್ಲಿ?"

ಅಧಿಕಾರಿ ಅಂಚಿನ ಮೇಲೆ ಬೆರಳಾಡಿಸಿದರು. ದಾರ ಹಿಡಿದು ಗೆರೆ ಎಳೆದಷ್ಟು ನೇರ. ರಟ್ಟು ಹಾಕುವ ಕೈ ನೆನಪಾಯಿತು. ಅಕ್ಕ ಊಟಕ್ಕೆ ಮನೆಗೆ ಹೋದರೂ ಮೇಜಿನ ಮೇಲೇ ಕೂತಿದ್ದ ಊಟದ ಡಬ್ಬಿ ನೆನಪಾಯಿತು. ಅದರಲ್ಲಿ ಊಟ ಇರಲಿಲ್ಲ ಅಂದರೆ ಇನ್ನೇನಿತ್ತು?

ಒಂದು ಮಾತು ಸಾಕಿತ್ತು. ಮುಚ್ಚಬೇಕು ಅಂತ. ಅದು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಆ ಕೊಲೆಗಾರ ಮತ್ತೆ ಎದ್ದು ನಿಂತು ಮುಖದ ಬಟ್ಟೆಗೆ ಕೈ ಹಾಕಿದ.

"ಹೇಳ್ರೀ, ಕೊನೆಗೆ ಏನಂತ ಬರೆದ್ರಿ?" ನಿರ್ದೇಶಕರು ಕುರ್ಚಿಯ ತುದಿಗೆ ಬಂದಿದ್ದರು.

"ಶನಿವಾರ ನಾಲ್ಕು ಗಂಟೆಗೆ ಗೊತ್ತಾಗುತ್ತೆ ಸಾರ್," ಎಂದರು ಅಧಿಕಾರಿ. "ಸ್ವಲ್ಪ ಬೇಗ ಹೊರಡೋಣ, ಬೆಂಚು ಸಿಗಲ್ಲ."